ಏಳು ಹಗ್ಗದ ಹಡಗು

ಮಾರ್ಚ್ ೨, ಭಾನುವಾರ

ಈ ಡೈರಿ ನಮ್ಮವಳು ತಂದುಕೊಟ್ಟದ್ದು. ಬಟ್ಟೆ ಅಂಗಡಿಯವರು ಗಿರಾಕಿಗಳಿಗೆಲ್ಲ ಹಂಚಿ ಮಿಕ್ಕಿದ್ದು. ಕೊಡುವಾಗ ಆಡಿದ ಮಾತನ್ನು ಮೊದಲ ಪುಟದಲ್ಲೇ ದಾಖಲಿಸುವುದು ನ್ಯಾಯ.

"ದಿನಾ ನನ್ನ ಕಿವಿಗೆ ಸುರಿಯೋ ಗೊಣಗಾಟನೆಲ್ಲ ಇನ್ಮೇಲೆ ಇದಕ್ಕೆ ಸುರೀರಿ. ಕೊನೇಲಿ ಯಾರಿಗಾದ್ರೂ ಒಂದು ವಂದನಾರ್ಪಣೆ ಮಾಡಿ ಮುಗಿಸಿ. ಸಭೇಲಿ ಮಾಡ್ತೀರಲ್ಲ, ಹಾಗೆ. ಹೊಟ್ಟೆಗೆ ಒಳ್ಳೇದಂತೆ."

ಒಪ್ಪಿದೆ. ನಲವತ್ತು ವರ್ಷ ಕೈಗಡಿಯಾರ ರಿಪೇರಿ ಮಾಡಿದವನಿಗೆ ಒಂದು ವಿಷಯ ಚೆನ್ನಾಗಿ ಗೊತ್ತು: ದೊಡ್ಡ ಮುಳ್ಳಿನ ಎದುರು ಚಿಕ್ಕ ಮುಳ್ಳು ವಾದ ಮಾಡಬಾರದು.

ಅಂಗಡಿ ಮುಚ್ಚಿ ಮೂರು ವರ್ಷವಾಯಿತು. ಈಗ ನನಗುಳಿದಿರುವ ಹುದ್ದೆ ಒಂದೇ, ನಾಣ್ಯ ಸಂಗ್ರಾಹಕರ ಸಂಘದ ಪರೀಕ್ಷಕ. ಸಂಬಳವಿಲ್ಲ, ರಜೆಯಿಲ್ಲ, ಮೇಲಧಿಕಾರಿಯೂ ಇಲ್ಲ. ಭಾನುವಾರ ಹೊಲಿಗೆ ಯಂತ್ರದ ಅಂಗಡಿಯ ಮಹಡಿಯಲ್ಲಿ ಸಭೆ. ಸದಸ್ಯರು ನಾಣ್ಯ ತರುತ್ತಾರೆ. ನಾನು ಗಡಿಯಾರದ ಕಾಲದ ಭೂತಗನ್ನಡಿಯನ್ನು ಬಲಗಣ್ಣಿಗೆ ಸಿಕ್ಕಿಸಿಕೊಂಡು ಸವೆತ, ಗೀರು, ಹೊಳಪು ನೋಡಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತೇನೆ. ನಡುವೆ ಪಾರದರ್ಶಕ ಕಿಟಕಿಯಿರುವ ರಟ್ಟಿನ ಚೌಕದಲ್ಲಿ ನಾಣ್ಯವಿಟ್ಟು, ನಾಲ್ಕೂ ಕಡೆ ಪಿನ್ ಹೊಡೆದು, ಮೇಲೆ ಹಸಿರು ಶಾಯಿಯಲ್ಲಿ ಅಂಕ ಬರೆದು ಸಹಿ ಹಾಕುತ್ತೇನೆ. ಆ ಹಸಿರು ಸಹಿ ಬಿದ್ದ ನಾಣ್ಯವನ್ನು ಸದಸ್ಯರು ತಮ್ಮತಮ್ಮಲ್ಲಿ ಮರುಮಾತಿಲ್ಲದೆ ಅದಲುಬದಲು ಮಾಡಿಕೊಳ್ಳುತ್ತಾರೆ. "ಹಸಿರು ಸಹಿ ಇದ್ಯಾ? ಕಣ್ಮುಚ್ಚಿ ತಗೊಳ್ಳಿ" ಎನ್ನುವುದು ನಮ್ಮ ಅಧ್ಯಕ್ಷರಾದ ನಿವೃತ್ತ ಹೆಡ್‌ಮೇಷ್ಟ್ರ ನುಡಿಮುತ್ತು.

ಹದಿನೆಂಟು ವರ್ಷದಲ್ಲಿ ನಾನು ಒಂಬತ್ತು ಅಂಕ ಕೊಟ್ಟದ್ದು ಎರಡೇ ಎರಡು ನಾಣ್ಯಕ್ಕೆ. ಅದರಲ್ಲಿ ಒಂದು ನನ್ನದೇ. ಸದಸ್ಯರು ಬೆನ್ನ ಹಿಂದೆ ನನ್ನನ್ನು ಜಿಪುಣ ಎನ್ನುತ್ತಾರೆ. ಬೆನ್ನ ಹಿಂದೆ ಅಂದದ್ದೂ ಎದುರಿಗೇ ಕೇಳಿಸುವಷ್ಟು ಚಿಕ್ಕ ಕೋಣೆ ಅದು.

ಇವತ್ತು ಮೂರನೆಯ ಒಂಬತ್ತು ಕೊಟ್ಟೆ. ಎಂಥ ನುಣುಪು! ಬೆಣ್ಣೆಯ ಮೇಲೆ ಅಚ್ಚೊತ್ತಿದ ಹಾಗೆ. ಒಂದು ಗೀರು ಕಾಣಲಿಲ್ಲ.

ವಂದನಾರ್ಪಣೆ: ಆ ನಾಣ್ಯವನ್ನು ಇಷ್ಟು ವರ್ಷ ಜೋಪಾನ ಮಾಡಿದ ಅಪರಿಚಿತ ಪುಣ್ಯಾತ್ಮರಿಗೆ.

ಮಾರ್ಚ್ ೧೩, ಗುರುವಾರ

ಬಲ್ಬಿನ ಅಂಗಡಿಯಲ್ಲಿ ಜಗಳವಾಯಿತು. ಹೊರಗೆ ಬರೆಯುವುದು ನೂರು, ಒಳಗೆ ಉರಿಯುವುದು ಅರವತ್ತು. ಇದು ಈ ತಿಂಗಳ ಮೂರನೆಯ ಬಲ್ಬು. ಅಂಗಡಿಯವನು ಕೈ ಮುಗಿದ. "ಯಜಮಾನ್ರೇ, ಇದಕ್ಕಿಂತ ದೊಡ್ಡದು ಹಾಕಿದ್ರೆ ನಿಮ್ಮನೆ ಮೇಲೆ ವಿಮಾನ ಇಳಿಯುತ್ತೆ."

ದಿನಪತ್ರಿಕೆಯವರೂ ಶಾಯಿಗೆ ನೀರು ಬೆರೆಸಲು ಶುರು ಮಾಡಿದ್ದಾರೆ. ಬಸ್ಸಿನ ನಂಬರುಗಳನ್ನು ಮೊದಲಿಗಿಂತ ಸಣ್ಣದಾಗಿ ಬರೆಯುತ್ತಾರೆ. ಎಲ್ಲದರಲ್ಲೂ ಉಳಿತಾಯ. ಬಟ್ಟೆ ಅಂಗಡಿಯ ಬಾಗಿಲಲ್ಲಿ ನಿಂತವರಿಗೆ ನಮಸ್ಕಾರ ಅಂದರೆ ವಾಪಸ್ ಒಂದು ಮಾತಿಲ್ಲ. ಅದು ಸೀರೆ ಉಡಿಸಿ ನಿಲ್ಲಿಸಿದ ಬೊಂಬೆ ಎಂದು ನಮ್ಮವಳು ಆಮೇಲೆ ತಿಳಿಸಿದಳು. ಬೊಂಬೆಯನ್ನೂ ಅಷ್ಟು ಸಹಜವಾಗಿ ಮಾಡುತ್ತಾರೆ ಈಗ.

ಕೆಟ್ಟದ್ದರ ನಡುವೆ ಒಂದು ಒಳ್ಳೆಯದೂ ನಡೆದಿದೆ. ಈಚೆಗೆ ನಮ್ಮವಳ ಮುಖದ ಗೆರೆಗಳು ಕಡಿಮೆಯಾಗಿವೆ. ಏನೋ ಹಚ್ಚುತ್ತಿರಬೇಕು. ಕೇಳಿದರೆ ನಾಚಿಕೊಳ್ಳುತ್ತಾಳೆಂದು ಕೇಳಲಿಲ್ಲ.

ವಂದನಾರ್ಪಣೆ: ಅವಳ ಮೇಲೆ ದಯೆ ತೋರಿದ ವಯಸ್ಸಿಗೆ.

ಮಾರ್ಚ್ ೨೩, ಭಾನುವಾರ

ಜನಪ್ರೀತಿ ಎಂದರೆ ಇದು! ಮೊದಲೆಲ್ಲ ಭಾನುವಾರ ನನ್ನ ಮೇಜಿನ ಮುಂದೆ ನಾಲ್ಕೈದು ಜನ, ಅದೂ ಹಲ್ಲಿನ ಡಾಕ್ಟರ ಎದುರು ಕೂತ ಮುಖ ಹೊತ್ತು. ಇವತ್ತು ಸಾಲು ಮೆಟ್ಟಿಲಿನವರೆಗೆ ಇತ್ತು. ಒಬ್ಬರು ಬಿಸ್ಕತ್ತಿನ ಪೊಟ್ಟಣ ತಂದಿದ್ದರು, ಇನ್ನೊಬ್ಬರು ನನ್ನ ಕುರ್ಚಿಗೆ ದಿಂಬು. ಎರಡು ವರ್ಷದ ಹಿಂದೆ ಐದು ಅಂಕ ಸಿಕ್ಕಿತೆಂದು ಮಾತು ಬಿಟ್ಟವರೂ ಅದೇ ನಾಣ್ಯ ಹಿಡಿದು ಬಂದು ಎಂಟು ಪಡೆದು, ಹೋಗುವಾಗ ನನ್ನ ಭುಜ ತಟ್ಟಿದರು.

ಒಟ್ಟು ನಾಲ್ಕು ಒಂಬತ್ತು ಕೊಟ್ಟೆ.

ಹೆಡ್‌ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. "ಏನ್ರೀ, ಈ ವರ್ಷ ಮಾರ್ಕು ಧಾರಾಳ?"

"ಮೇಷ್ಟ್ರೇ, ಹುಡುಗರು ಚೆನ್ನಾಗಿ ಓದಿದ್ರೆ ನೀವೇನು ಫೇಲ್ ಮಾಡ್ತಿದ್ರಾ?"

"ಎಲ್ಲಾ ಹುಡುಗರೂ ಒಂದೇ ವರ್ಷ ಚೆನ್ನಾಗಿ ಓದಿದ್ರೆ ನಾನು ಕಿಟಕಿ ಪಕ್ಕ ಯಾರು ನಿಂತಿದ್ದಾರೆ ಅಂತ ನೋಡ್ತಿದ್ದೆ" ಎಂದರು.

ಮೇಷ್ಟರುಗಳಿಗೆ ಸಂತೋಷ ಪಡುವ ತರಬೇತಿಯೇ ಇರುವುದಿಲ್ಲ.

ವಂದನಾರ್ಪಣೆ: ದಿಂಬು ತಂದವರಿಗೆ. ಮೃದುವಾಗಿದೆ.

ಏಪ್ರಿಲ್ ೬, ಭಾನುವಾರ

ಇವತ್ತಿನದನ್ನು ವಿಸ್ತಾರವಾಗಿ ಬರೆಯಬೇಕು. ಒಬ್ಬ ಮನುಷ್ಯನ ಕನಸು ನನ್ನ ಕೈಯಿಂದ ನೆರವೇರಿದ ದಿನ.

ನಮ್ಮ ಸದಸ್ಯರಲ್ಲಿ ಒಬ್ಬ ಬಸ್ ಕಂಡಕ್ಟರ್ ಇದ್ದಾನೆ. ಚಿಲ್ಲರೆಯಲ್ಲಿ ಸಿಕ್ಕ ನಾಣ್ಯದಿಂದಲೇ ಈ ಹುಚ್ಚು ಹತ್ತಿದವನು. ಹನ್ನೆರಡು ವರ್ಷ ಹುಡುಕಿ ತೆನೆ ತಾಮ್ರದ ಸರಣಿ ಪೂರ್ತಿ ಮಾಡಿದ್ದಾನೆ. ತೆನೆ ತಾಮ್ರವೆಂದರೆ ಜೋಳದ ತೆನೆಯ ಚಿತ್ರವಿರುವ ಚಿಕ್ಕ ತಾಮ್ರದ ಕಾಸು. ಅದು ಚಲಾವಣೆಯಲ್ಲಿದ್ದದ್ದು ಮೂವತ್ತೊಂದು ವರ್ಷ. ವರ್ಷಕ್ಕೊಂದರಂತೆ ಮೂವತ್ತೊಂದೂ ಇವನಲ್ಲಿವೆ. ಊರಲ್ಲಿ ಇನ್ನಾರಲ್ಲೂ ಇಲ್ಲ.

ಅದನ್ನು ಅಷ್ಟನ್ನೂ ಒಂದೇ ಒಂದು ಬೆಳ್ಳಿಯ ಹಡಗಿನ ನಾಣ್ಯಕ್ಕೆ ಕೊಡಲು ಹೊರಟಿದ್ದ. ಹಡಗಿನ ನಾಣ್ಯ ಕಬ್ಬಿಣದ ಅಂಗಡಿ ಸಾಹುಕಾರರದು.

ಹಡಗಿನ ನಾಣ್ಯದ ಗುಟ್ಟು ಅದರ ಹಗ್ಗಗಳು. ಹಾಯಿ ಕಟ್ಟುವ ಕೂವೆಮರದ ತುದಿಯಿಂದ ಕೆಳಕ್ಕೆ ಕೂದಲೆಳೆಯಂಥ ಏಳು ಹಗ್ಗ. ಟಂಕಸಾಲೆಯಿಂದ ಹೊರಬಿದ್ದಾಗ ಏಳು. ಕೈಯಿಂದ ಕೈಗೆ ಹೋದಂತೆಲ್ಲ ಮೊದಲು ಸವೆಯುವುದು ಅವೇ. ಏಳೂ ಇದ್ದರೆ ಒಂಬತ್ತು ಅಂಕ, ನಾಲ್ಕೈದು ಉಳಿದಿದ್ದರೆ ಐದರ ಆಸುಪಾಸು. ನಾಣ್ಯದ ಗೀಳು ಹಿಡಿದ ಯಾರನ್ನು ನಿದ್ದೆಯಿಂದೆಬ್ಬಿಸಿ ಕೇಳಿದರೂ ಇದನ್ನು ಹೇಳುತ್ತಾರೆ.

"ಇದರ ಮೇಲೇ ಯಾಕಪ್ಪ ನಿಂಗೆ ಆಸೆ?" ಎಂದೆ.

"ಅಪ್ಪ ಬಂದರಲ್ಲಿ ಮೂಟೆ ಹೊರ್ತಿದ್ರು ಅಣ್ಣಾ. ಅವರ ಹತ್ರ ಇಂಥದ್ದೊಂದಿತ್ತು. ನನ್ನ ತೊಡೆ ಮೇಲೆ ಕೂರಿಸ್ಕೊಂಡು ಹಗ್ಗ ಎಣಿಸೋಕೆ ಕಲಿಸಿದ್ರು. ನಂಗೆ ಎಣಿಕೆ ಬಂದಿದ್ದೇ ಹಾಗೆ, ಏಳರವರೆಗೆ. ಎಂಟರಿಂದಾಚೆಗೆ ಶಾಲೇಲಿ ಕಲಿತಿದ್ದು." ನಕ್ಕ. "ಆಮೇಲೆ ಅಪ್ಪನ ಕಾಯಿಲೇಲಿ ಅದು ಮಾರಿಹೋಯ್ತು. ನಂಗೆ ಏಳೂ ಹಗ್ಗ ಇರೋದೇ ಬೇಕು. ಇಲ್ಲಿ ನಂಗೆ ನಾಲ್ಕೇ ಕಾಣ್ತಿವೆ. ಆದ್ರೆ ನಂಗೆ ಚಾಳೀಸು ಬಂದಿದೆ, ಕನ್ನಡಕ ಇನ್ನೂ ಮಾಡಿಸಿಲ್ಲ."

"ಅದಕ್ಕೇ ಅಲ್ವೇನಪ್ಪಾ ನಾನಿರೋದು!"

ಭೂತಗನ್ನಡಿ ಸಿಕ್ಕಿಸಿಕೊಂಡೆ. ಅದನ್ನು ನಾನು ಯಾರ ಕೈಗೂ ಕೊಡುವುದಿಲ್ಲ, ಹಲ್ಲುಜ್ಜುವ ಬ್ರಷ್ಷಿನ ಹಾಗೆ. ಹಡಗಿನ ಸುತ್ತ ಮುಂಜಾವಿನ ಮಂಜಿನಂಥ ಹೊಳಪು. ಎಣಿಸಿದೆ: ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು.

"ಒಂಬತ್ತು" ಎಂದೆ.

ಕಂಡಕ್ಟರ್ ನನ್ನ ಎರಡೂ ಕೈ ಹಿಡಿದುಕೊಂಡ. ಸಾಹುಕಾರರು ಒಂದು ಕ್ಷಣ ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡರು. ಆನಂದಕ್ಕೆ ಮಾತು ಹೊರಡಲಿಲ್ಲ, ಪಾಪ. ತಾಮ್ರದ ಪೆಟ್ಟಿಗೆ ಅವರ ಕಡೆ ಹೋಯಿತು. ಹಡಗಿಗೆ ತಕ್ಕ ದಪ್ಪ ರಟ್ಟಿನ ಚೌಕ ಮಾಡಿ ಮುಂದಿನ ಭಾನುವಾರ ಕೊಡುತ್ತೇನೆಂದು ನಾಣ್ಯವನ್ನು ಮನೆಗೆ ತಂದಿದ್ದೇನೆ.

ವಂದನಾರ್ಪಣೆ: ನನ್ನ ಕಣ್ಣುಗಳಿಗೆ.

ಏಪ್ರಿಲ್ ೯, ಬುಧವಾರ

ರಟ್ಟು ಕತ್ತರಿಸುವಾಗ ಮೇಜಿನ ಸಿಬರು ಬೆರಳಿಗೆ ಹೊಕ್ಕಿತು. ನಮ್ಮವಳು ಭೂತಗನ್ನಡಿ ಹಾಕಿಕೊಂಡು ಸೂಜಿಯಿಂದ ತೆಗೆದಳು. ಬ್ರಷ್ಷಿನ ನಿಯಮದಿಂದ ಅವಳಿಗೆ ವಿನಾಯಿತಿ ಇದೆ. ತೆಗೆದಾದ ಮೇಲೆ ಸುಮ್ಮನಿರದೆ ಮೇಜಿನ ಮೇಲಿದ್ದ ಹಡಗನ್ನೂ ನೋಡಿದಳು.

"ರೀ, ಇದರಲ್ಲಿ ನಾಲ್ಕು ದಾರ ಇದೆ."

"ದಾರ ಅಲ್ಲ, ಹಗ್ಗ. ನಾಲ್ಕಲ್ಲ, ಏಳು."

"ನಾಲ್ಕು. ಐದನೇದು ಹಗ್ಗಾನೋ ಗೀರೋ ಗೊತ್ತಾಗ್ತಿಲ್ಲ."

ನಾನು ಮುಗುಳ್ನಕ್ಕೆ. ಮೂವತ್ತೈದು ವರ್ಷ ಪಕ್ಕದವರ ರವಿಕೆಗಳಿಗೆ ಕೈಹೊಲಿಗೆ ಹಾಕಿ ಕಣ್ಣು ಸವೆಸಿಕೊಂಡ ಜೀವ. ಇಂಥ ಸೂಕ್ಷ್ಮಗಳು ಎಲ್ಲಿ ಕಾಣಬೇಕು? ಅವಳ ಮನಸ್ಸಿಗೆ ನೋವಾಗದಂತೆ, "ಒಂದ್ಸಲ ಕಣ್ಣು ತೋರಿಸ್ಕೋ" ಎಂದೆ.

ಅವಳು ನನ್ನನ್ನೇ ಒಂದು ಗಳಿಗೆ ನೋಡಿದಳು. "ಆಯ್ತು, ತೋರಿಸ್ಕೊಳ್ಳೋಣ" ಎಂದಳು.

ಹಸಿರು ಶಾಯಿಯಲ್ಲಿ ಒಂಬತ್ತು ಬರೆದು ಸಹಿ ಹಾಕಿದೆ.

ವಂದನಾರ್ಪಣೆ: ಸಿಬರು ತೆಗೆದದ್ದಕ್ಕೆ.

ಮೇ ೧೧, ಭಾನುವಾರ

ಅನ್ಯಾಯ! ಅಕ್ರಮ! ಅಧಿಕಪ್ರಸಂಗ!

ನಮ್ಮ ಸಂಘದ ಹೆಮ್ಮೆಯೆಂದು ಕಂಡಕ್ಟರನ ಹಡಗನ್ನು ದೊಡ್ಡ ಪ್ರದರ್ಶನಕ್ಕೆ ಕಳಿಸಿದ್ದೆವು. ಇವತ್ತು ವಾಪಸ್ ಬಂತು. ಜೊತೆಗೆ ಅಲ್ಲಿನ ತೀರ್ಪುಗಾರರ ಚೀಟಿ. ಹೆಡ್‌ಮೇಷ್ಟ್ರು ಓದಿದರು. ಓದುವಾಗ ಅವರ ದನಿ, ಹುಡುಗನ ಪ್ರೋಗ್ರೆಸ್ ಕಾರ್ಡನ್ನು ಅಪ್ಪನ ಎದುರು ಓದುವ ದನಿಯಂತಿತ್ತು. "ನಾಲ್ಕು ಹಗ್ಗ. ಹತ್ತಕ್ಕೆ ಐದು. ಒಂಬತ್ತು ಕೊಟ್ಟ ಪರೀಕ್ಷಕರನ್ನು ಪರೀಕ್ಷಿಸುವುದು ಒಳ್ಳೆಯದು."

ಕಂಡಕ್ಟರ್ ತಲೆ ತಗ್ಗಿಸಿ ಕೂತಿದ್ದ. ನಾನು ಎದ್ದು ನಿಂತು, ಬೇಜವಾಬ್ದಾರಿ ಅಂಕಗಳಿಂದ ಸಂಗ್ರಾಹಕರು ಹೇಗೆ ದಾರಿ ತಪ್ಪುತ್ತಿದ್ದಾರೆ ಎಂಬ ವಿಷಯವಾಗಿ ಇಪ್ಪತ್ತು ನಿಮಿಷ ಮಾತಾಡಿದೆ. ಕಂಡವರೆಲ್ಲ ಕೈಯಲ್ಲೊಂದು ಗಾಜು ಹಿಡಿದು ತೀರ್ಪು ಕೊಡಲು ಕೂತರೆ ಪಾಪದ ಸಂಗ್ರಾಹಕನ ಗತಿಯೇನು, ಒಂದು ಅಂಕದ ಹಿಂದೆ ಒಬ್ಬ ಮನುಷ್ಯನ ಹನ್ನೆರಡು ವರ್ಷ ಇರುತ್ತದೆಂಬ ಎಚ್ಚರ ಬೇಡವೇ, ಎಂದು ಮೇಜು ಕುಟ್ಟಿದೆ. ಚೆನ್ನಾಗಿಯೇ ಮಾತಾಡಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಮನೆಗೆ ಬಂದು ಮೂರು ಪುಟದ ಪ್ರತಿಭಟನಾ ಪತ್ರ ಬರೆದೆ. ನಮ್ಮವಳು ಅಂಚೆಗೆ ಹಾಕುತ್ತೇನೆಂದು ತೆಗೆದುಕೊಂಡು, ಕಿಟಕಿಯ ಬಳಿ ನಿಂತು ಬಹಳ ಹೊತ್ತು ನೋಡಿದಳು.

"ಏನು? ತುಂಬ ಖಾರ ಆಯ್ತಾ?"

"ಖಾರ ಇರ್ಲಿ. ಎರಡನೇ ಸಾಲಿನ ಮೇಲೇ ಮೂರನೇ ಸಾಲು ಬರೆದಿದ್ದೀರ. ವಿಳಾಸ ಸ್ಟಾಂಪಿನ ಮೇಲಿದೆ." ಆಮೇಲೆ ಮೆಲ್ಲಗೆ, "ನನ್ನ ಕಣ್ಣು ತೋರಿಸ್ಬೇಕು ಅಂದಿದ್ರಲ್ಲ. ಬುಧವಾರ ಜೊತೆಗೆ ಬನ್ನಿ, ನಂಗೆ ಒಬ್ಬಳೇ ಹೋಗೋಕೆ ಭಯ" ಎಂದಳು.

ಪಾಪ, ಅವಳಿಗೆ ಭಯ. ಹೋಗದೆ ಆಗುತ್ತದೆಯೇ?

ಮೇ ೧೪, ಬುಧವಾರ

ಕಣ್ಣಿನ ಆಸ್ಪತ್ರೆ. ಗೋಡೆಯ ಮೇಲೆ ಅಕ್ಷರಗಳ ಹಲಗೆ. ಮೊದಲು ನಮ್ಮವಳನ್ನು ಕೂರಿಸಿದರು. ಮೇಲಿನ ದೊಡ್ಡ ಅಕ್ಷರದಿಂದ ಕೆಳಗಿನ ಇರುವೆ ಸಾಲಿನವರೆಗೆ ಪಟಪಟನೆ ಓದಿಬಿಟ್ಟಳು. ಡಾಕ್ಟರಮ್ಮ ನಮ್ಮ ಮಗಳ ವಯಸ್ಸಿನವಳು. "ಅಮ್ಮಾ, ನಿಮ್ಮ ಕಣ್ಣು ಹದ್ದಿನ ಕಣ್ಣು" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಹೇಗೂ ಬಂದಿದ್ದೀರಿ, ನೀವೂ ಕೂತ್ಕೊಳ್ಳಿ ಅಂಕಲ್" ಎಂದಳು. ಇಬ್ಬರೂ ಸೇರಿ ಹೂಡಿದ ಆಟವೆಂದು ಆಗ ಹೊಳೆಯಲಿಲ್ಲ.

ನಾನೂ ಪಟಪಟನೆ ಓದಿದೆ. ಇರುವೆ ಸಾಲನ್ನೂ ಬಿಡದೆ ಓದಿದೆ. ಗೆದ್ದೆ ಎಂದುಕೊಂಡೆ.

ಡಾಕ್ಟರಮ್ಮ ಎದ್ದು ಹೋಗಿ ಹಲಗೆಯ ಬಳಿ ಏನೋ ಮಾಡಿ ಬಂದಳು. "ಇನ್ನೊಂದ್ಸಲ ಓದಿ ಅಂಕಲ್."

ಇನ್ನೊಂದು ಸಲ ಅಷ್ಟೇ ಧೈರ್ಯವಾಗಿ ಓದಿದೆ.

"ಅಂಕಲ್, ನಾನು ಹಲಗೆ ತಿರುಗಿಸಿದ್ದೀನಿ. ಅದರಲ್ಲಿ ಈಗ ಅಕ್ಷರಗಳೇ ಇಲ್ಲ. ಬರೀ ಅಂಕಿಗಳು."

ಎರಡೂ ಕಣ್ಣಿಗೆ ಪೊರೆಯಂತೆ. ಬಲಗಣ್ಣಿಗೆ ಬಹಳ ಬಲಿತಿದೆಯಂತೆ. ವರ್ಷದಿಂದ ಬೆಳೆದಿರಬೇಕಂತೆ.

ನಮ್ಮವಳು ಓದಿದ್ದನ್ನು ನಾನು ಬಾಯಿಪಾಠ ಒಪ್ಪಿಸಿದ್ದೆ. ಮೋಸ ಮಾಡಬೇಕೆಂದು ಅಲ್ಲ, ದೇವರಾಣೆ. ಅಕ್ಷರಗಳು ಕಣ್ಣೆದುರೇ ಕಂಡವು.

ಮೇ ೧೫, ಗುರುವಾರ

ಏಳು ಹಗ್ಗ ಇರುತ್ತವೆಂದು ನನಗೆ ಗೊತ್ತಿತ್ತು. ಅದಕ್ಕೇ ಏಳು ಎಣಿಸಿದೆ.

ಮೇ ೧೮, ಭಾನುವಾರ

ಸಂಘಕ್ಕೆ ಹೋಗಲಿಲ್ಲ. ಶೀತ ಎಂದು ಹೇಳಿ ಕಳಿಸಿದೆ.

"ಯಾವುದಕ್ಕೆ ಶೀತ? ಧೈರ್ಯಕ್ಕಾ?" ಎಂದಳು.

ಕೂತು ಲೆಕ್ಕ ಹಾಕಿದೆ. ಒಂದು ವರ್ಷದಲ್ಲಿ ನನ್ನ ಸಹಿ ಹೊತ್ತು ಹೊರಬಿದ್ದ ಚೌಕಗಳು ನೂರ ನಲವತ್ತಮೂರು. ಅವುಗಳಲ್ಲಿ ಎಷ್ಟು ಕೈ ಬದಲಾಗಿವೆಯೋ! ಜನ ಸಾಲು ನಿಂತದ್ದು ಯಾಕೆಂದು ಈಗ ಅರ್ಥವಾಗುತ್ತಿದೆ. ನನ್ನ ಮೇಲಿನ ಪ್ರೀತಿಯಿಂದಲ್ಲ. ದಿಂಬು ತಂದವರನ್ನು ಮಾತ್ರ ಈಗಲೂ ಅನುಮಾನಿಸಲು ಮನಸ್ಸಾಗದು.

ಉಳಿದವರದು ಹೇಗೋ ಆಗುತ್ತದೆ. ಕಂಡಕ್ಟರನದು? ಮೂವತ್ತೊಂದು ತಾಮ್ರ, ಹನ್ನೆರಡು ವರ್ಷ. ಅವನ ಕಣ್ಣಿಗೆ ನಾಲ್ಕೇ ಕಂಡಿದ್ದವು. ಅದಕ್ಕೇ ನಾನಿರೋದು ಎಂದಿದ್ದೆ.

ವಂದನಾರ್ಪಣೆ ಮಾಡುವಂಥದ್ದು ಏನೂ ತೋಚುತ್ತಿಲ್ಲ. ಹೌದು, ಒಂದಿದೆ. ಆ ಪ್ರತಿಭಟನಾ ಪತ್ರವನ್ನು ನಮ್ಮವಳು ಅಂಚೆಗೆ ಹಾಕಿರಲಿಲ್ಲ.

ಮೇ ೨೭, ಮಂಗಳವಾರ

ಇದನ್ನ ಬರೀತಿರೋದು ನಾನು, ಹೆಂಡತಿ. ಇವರ ಬಲಗಣ್ಣಿಗೆ ಪಟ್ಟಿ ಕಟ್ಟಿದ್ದಾರೆ. ಒಂದು ದಿನ ಡೈರಿ ತಪ್ಪಿದ್ರೆ ಪ್ರಪಂಚ ಮುಳುಗುತ್ತಂತೆ. ಇವರು ಹೇಳಿದ್ದನ್ನ ಹೇಳಿದ ಹಾಗೆ ಬರೀತೀನಿ.

"ಶಸ್ತ್ರಚಿಕಿತ್ಸೆಯ ಸಮಯದಲ್ಲಿ ನಾನು ಬಂಡೆಯಂತೆ ಅಲುಗಾಡದೆ ಮಲಗಿದ್ದೆ." (ನರ್ಸಮ್ಮನ ಕೈ ಹಿಡ್ಕೊಂಡೋರು ಬಿಡ್ಲೇ ಇಲ್ಲವಂತೆ. ಆಕೆ ಬಂದು ತೋರಿಸಿದ್ರು, ಇನ್ನೂ ಕೆಂಪಗಿತ್ತು.)

"ಡಾಕ್ಟರಮ್ಮನಿಗೆ, ನರ್ಸಮ್ಮನಿಗೆ, ನನ್ನನ್ನು ಉಪಾಯದಿಂದ ಕರೆದೊಯ್ದ ನಮ್ಮವಳಿಗೆ ವಂದನಾರ್ಪಣೆ." (ಮೂರನೇ ನಂಬರು. ಆಗ್ಲಿ.)

ಇವರು ನಿದ್ದೆ ಹೋದ್ರು. ಹಿಂದಿನ ಪುಟಗಳನ್ನ ಓದಿದೆ. ಓದಬಾರದಿತ್ತೇನೋ. ಮಾರ್ಚ್ ಹದಿಮೂರರಲ್ಲಿ ನನ್ನ ಮುಖದ ಗೆರೆ ಕಡಿಮೆ ಆಗಿದೆ ಅಂತ ಬರೆದಿದ್ದಾರೆ. ಇದನ್ನ ಮುಂಚೆನೇ ಓದಿದ್ರೆ ಆಪರೇಷನ್ ಇನ್ನೊಂದು ಆರು ತಿಂಗಳು ಮುಂದಕ್ಕೆ ಹಾಕ್ತಿದ್ದೆ.

ಏಪ್ರಿಲ್ ಒಂಬತ್ತರ ಪುಟಾನೂ ಓದಿದೆ. ಏನೂ ಹೇಳಲ್ಲ.

ಜೂನ್ ೩, ಮಂಗಳವಾರ

ಪಟ್ಟಿ ಬಿಚ್ಚಿ ನಾಲ್ಕು ದಿನವಾಯಿತು. ಡಾಕ್ಟರಮ್ಮ ಇವತ್ತು ಬರೆಯಲು ಅಪ್ಪಣೆ ಕೊಟ್ಟಳು.

ದಿನಪತ್ರಿಕೆಯವರ ಶಾಯಿಯಲ್ಲಿ ನೀರಿಲ್ಲ. ನಮ್ಮ ನಡುಮನೆಯ ಬಲ್ಬಿನ ಕೆಳಗೆ ನಿಜವಾಗಿಯೂ ವಿಮಾನ ಇಳಿಸಬಹುದು. ಬಲ್ಬಿನ ಅಂಗಡಿಯವನ ಬಳಿ ಹೋಗಿ ಕ್ಷಮೆ ಕೇಳಿದೆ. ಅವನು ಗಾಬರಿಯಾಗಿ ಅರ್ಧ ಬೆಲೆಗೆ ಇನ್ನೊಂದು ಬಲ್ಬು ಕೊಡಲು ಬಂದ.

ನಮ್ಮವಳ ಮುಖವನ್ನೂ ನೋಡಿದೆ. ಗೆರೆಗಳೆಲ್ಲ ಇದ್ದಲ್ಲೇ ಇವೆ. ಕಣ್ಣಿನ ಅಂಚಿನಲ್ಲಿ ಮೂರು ಹೊಸದಾಗಿ ಸೇರಿವೆ.

"ಏನು ನೋಡ್ತಿದ್ದೀರ? ಎಷ್ಟು ಮಾರ್ಕು?" ಎಂದಳು.

ಜೀವದಾಸೆಯುಳ್ಳ ಪರೀಕ್ಷಕ ಇಂಥ ಪ್ರಶ್ನೆಗೆ ಉತ್ತರಿಸುವುದಿಲ್ಲ. ಆದರೆ ಇಲ್ಲಿ ಬರೆಯಬಹುದು. ಆ ಮೂರರಲ್ಲಿ ಒಂದಂತೂ ಈ ವರ್ಷ ನನ್ನನ್ನು ಮೆಟ್ಟಿಲಿಳಿಸುವಾಗ, ರಸ್ತೆ ದಾಟಿಸುವಾಗ ಬಿದ್ದದ್ದಿರಬೇಕು. ಕೈ ಹಿಡಿಯುತ್ತಿದ್ದಳಲ್ಲ, ಈ ವಯಸ್ಸಿಗೆ ಇವಳಿಗೇನು ಸರಸ ಎಂದುಕೊಂಡಿದ್ದೆ.

ಸಂಜೆ ನನ್ನ ಸ್ವಂತ ಹಡಗಿನ ನಾಣ್ಯವನ್ನು ಪೆಟ್ಟಿಗೆಯಿಂದ ತೆಗೆದೆ. ಹದಿನೆಂಟು ವರ್ಷದ ಹಿಂದೆ, ಕಣ್ಣು ಸೂಜಿಮೊನೆಯಂತಿದ್ದಾಗ, ಒಂಬತ್ತು ಎಂದು ನಾನೇ ಬರೆದದ್ದು. ಏಳು ಹಗ್ಗವೂ ಇವೆ. ಒಂದೊಂದನ್ನೂ ಸೂಜಿಯ ತುದಿಯಿಂದ ತೋರಿಸಿ ಎಣಿಸಿದೆ. ಆದರೆ ಮೂರನೆಯ ಹಗ್ಗದ ಕೆಳಗೆ ಒಂದು ಗೀರು. ಹಳೆಯ ಗೀರು, ಆಗಲೂ ಇದ್ದದ್ದೇ. ಆಗ ಪೊರೆ ಇರಲಿಲ್ಲ. ನಾಣ್ಯ ನನ್ನದಾಗಿತ್ತು, ಅಷ್ಟೇ.

ಎಂಟು.

ಜೂನ್ ೮, ಭಾನುವಾರ

ಹೋದೆ. ಮೆಟ್ಟಿಲುಗಳನ್ನು ಒಂದೊಂದಾಗಿ ಎಣಿಸುತ್ತ ನಿಧಾನವಾಗಿ ಹತ್ತಿದೆ. ಮೆಟ್ಟಿಲುಗಳು ಇಷ್ಟು ಸ್ಪಷ್ಟವಾಗಿ ಕಂಡು ವರ್ಷವಾಗಿತ್ತು, ಅದಕ್ಕೆ ಎಂದುಕೊಳ್ಳೋಣ.

ಎದ್ದು ನಿಂತು ಹೇಳಿದೆ. ಹೆಚ್ಚು ಮಾತಾಡಲಿಲ್ಲ. ಒಂದು ವರ್ಷದಿಂದ ನನಗೆ ಕಣ್ಣು ಕಾಣುತ್ತಿರಲಿಲ್ಲ, ಕಾಣುತ್ತಿಲ್ಲವೆಂಬುದೂ ಕಂಡಿರಲಿಲ್ಲ, ನೂರ ನಲವತ್ತಮೂರೂ ಚೌಕ ವಾಪಸ್ ಕೊಡಿ, ಮತ್ತೆ ನೋಡುತ್ತೇನೆ, ಪ್ರದರ್ಶನದ ತೀರ್ಪುಗಾರರಿಗೆ ಕ್ಷಮೆ ಕೇಳಿ ಬರೆದಿದ್ದೇನೆ.

ಹಿಂದಿನ ಸಾಲಿನಿಂದ ಒಂದು ಕೊರಗಿನ ದನಿ ಕೇಳಿತು. "ಅಯ್ಯೋ, ನನ್ನ ಮಗುಗೆ ಎಂಟು ಬಂದಿತ್ತು ಕಣ್ರೀ. ಮನೇಲೆಲ್ಲ ಹೇಳ್ಬಿಟ್ಟಿದ್ದೀನಿ." ಕೋಣೆಯೆಲ್ಲ ನಕ್ಕಿತು. ನಗೆಯ ನಡುವೆಯೇ ಚೌಕಗಳು ಒಂದೊಂದಾಗಿ ನನ್ನ ಮೇಜಿಗೆ ಬರಲಾರಂಭಿಸಿದವು. ಹೆಡ್‌ಮೇಷ್ಟ್ರು ಹತ್ತಿರ ಬಂದು, "ಮಾರ್ಚಲ್ಲೇ ಅನುಮಾನ ಬಂದಿತ್ತು ನಂಗೆ. ಕೇಳೋಕೆ ಸಂಕೋಚ ಪಟ್ಟೆ. ಅದು ನನ್ನ ತಪ್ಪು" ಎಂದರು. ಮೇಷ್ಟರೊಬ್ಬರು ತಪ್ಪೊಪ್ಪಿಕೊಂಡದ್ದನ್ನು ನಾನು ನೋಡಿದ್ದು ಇದೇ ಮೊದಲು. ಅದೂ ಒಳ್ಳೆಯ ಬೆಳಕಿನಲ್ಲಿ.

ಕಂಡಕ್ಟರ್ ಕೊನೆಗೆ ಬಂದ. ಹಡಗನ್ನು ಮೇಜಿನ ಮೇಲಿಟ್ಟ.

"ಬೈಯಪ್ಪಾ" ಎಂದೆ.

"ಏನು ಬೈಲಿ ಅಣ್ಣಾ? ಕತ್ತಲೆ ಬಸ್ಸಲ್ಲಿ ಬೆರಳಲ್ಲೇ ಚಿಲ್ಲರೆ ಗುರುತು ಹಿಡಿಯೋನು ನಾನು. ಈ ನಾಣ್ಯ ಸವೆದಿದೆ ಅಂತ ಅವತ್ತೇ ಬೆರಳಿಗೆ ಗೊತ್ತಾಯ್ತು. ಕಣ್ಣು ನಾಲ್ಕು ಅಂತು, ಬೆರಳೂ ಹೌದು ಅಂತು. ನಿಮ್ಮ ಸಹಿ ಒಂಬತ್ತು ಅಂತು. ನಾನು ಕಣ್ಣಿಗೂ ಬೆರಳಿಗೂ ಬಾಯ್ಮುಚ್ಕೊಂಡಿರಿ ಅಂದೆ." ತನ್ನ ಬೆರಳುಗಳನ್ನು ತಾನೇ ನೋಡಿಕೊಂಡ. "ಸದ್ಯಕ್ಕೆ ನಂಗೆ ಯಾವ ಹಡಗೂ ಬೇಡ ಅಣ್ಣಾ, ಈ ಬೆರಳು ಹುಡುಕಿದ ತಾಮ್ರ ವಾಪಸ್ ಸಿಕ್ಕಿದ್ರೆ ಸಾಕು. ಒಂದು ತಿಂಗಳಿಂದ ಬಸ್ಸಲ್ಲಿ ಎರಡೆರಡು ಸಲ ಎಣಿಸ್ತಿದ್ದೀನಿ. ನನ್ನ ಬೆರಳ ಮೇಲೇ ನಂಬಿಕೆ ಹೋಗಿತ್ತು."

ತಾಮ್ರ ಹೋದದ್ದಕ್ಕಿಂತ ದೊಡ್ಡ ನಷ್ಟ ಇದು. ನನಗೆ ಇದು ಹೊಳೆದೇ ಇರಲಿಲ್ಲ.

ಸಾಹುಕಾರರ ಕಡೆ ತಿರುಗಿದೆ. ಅವರು ಮೊದಲೇ ಕೈಯೆತ್ತಿದರು. "ನೋಡಿ, ನಾನು ಸುಳ್ಳು ಹೇಳಿಲ್ಲ. ಐದೋ ಆರೋ ಬರುತ್ತೆ ಅಂದ್ಕೊಂಡಿದ್ದೆ, ನೀವು ಒಂಬತ್ತು ಅಂದ್ರಿ. ಜಾಸ್ತಿ ಮಾರ್ಕು ಬಂದ್ರೆ ಯಾವ ಹುಡುಗ ಮೇಷ್ಟ್ರ ಹತ್ರ ಜಗಳಕ್ಕೆ ಹೋಗ್ತಾನೆ?"

"ನಿಮ್ಮ ತಪ್ಪು ಅಂತ ಯಾರಂದ್ರು? ತಾಮ್ರದ ಪೆಟ್ಟಿಗೆ ಅವನಿಗೆ ಕೊಟ್ಬಿಡಿ. ಬದಲಿಗೆ ಇದನ್ನ ತಗೊಳ್ಳಿ." ಜೇಬಿನಿಂದ ನನ್ನ ಹಡಗನ್ನು ತೆಗೆದಿಟ್ಟೆ.

ಸಾಹುಕಾರರು ಚೌಕದ ಹಳೆಯ ಹಸಿರು ಸಹಿ ನೋಡಿ ಹುಬ್ಬೇರಿಸಿದರು. "ಒಂಬತ್ತು. ನಿಮ್ಮ ಆ ಒಂಬತ್ತು."

"ಎಂಟು. ಮೂರನೇ ಹಗ್ಗದ ಕೆಳಗೆ ಗೀರಿದೆ. ನಾನು ಹೇಳಿದೆ ಅಂತ ಒಪ್ಪಬೇಡಿ, ನೀವೇ ನೋಡಿ." ಭೂತಗನ್ನಡಿಯನ್ನು ಅವರ ಕೈಗೆ ಕೊಟ್ಟೆ. ಹೊರಗಿನವರ ಕೈಗೆ, ನಲವತ್ತು ವರ್ಷದಲ್ಲಿ ಮೊದಲ ಸಲ.

ಅವರು ನೋಡಿದರು, ಕಂಡಕ್ಟರ್ ನೋಡಿದ, ಆಮೇಲೆ ಸಾಲಾಗಿ ಎಲ್ಲರೂ ನೋಡಿದರು. ಒಬ್ಬೊಬ್ಬರೂ "ಗೀರು ಇದೆ, ಗೀರು ಇದೆ" ಎನ್ನುತ್ತಿದ್ದರೆ ಹುಟ್ಟಿದ ಮಗುವಿನ ಮಚ್ಚೆ ನೋಡಿದವರಂತೆ ಅವರ ಮುಖ ಅರಳುತ್ತಿತ್ತು.

"ಎಂಟಕ್ಕೂ ತಾಮ್ರಕ್ಕೂ ಸಮ ಆಗುತ್ತೆ" ಎಂದರು ಸಾಹುಕಾರರು. ಅಂಗಡಿಯಿಂದ ಪೆಟ್ಟಿಗೆ ತರಿಸಿದರು. ಪೆಟ್ಟಿಗೆ ಕಂಡಕ್ಟರನ ಕೈ ಸೇರಿತು. ಅವನು ಮುಚ್ಚಳ ತೆಗೆದು ಮೂವತ್ತೊಂದನ್ನೂ ಎಣಿಸಿದ, ಕಣ್ಣು ಮುಚ್ಚಿ, ಬೆರಳಿನಿಂದ, ಒಂದೇ ಸಲ.

ನನ್ನ ಹಡಗು ಸಾಹುಕಾರರ ಜೇಬಿನಲ್ಲಿ ಹೋಗುವುದನ್ನು ಬಾಗಿಲವರೆಗೆ ನೋಡಿದೆ. ಹೊಸ ಕಣ್ಣಿನ ಕಷ್ಟವೆಂದರೆ ಬಹಳ ದೂರದವರೆಗೂ ಕಾಣುತ್ತದೆ.

ನಾಲ್ಕು ಹಗ್ಗದ ಹಡಗು ಮೇಜಿನ ಮೇಲೇ ಉಳಿಯಿತು. ಕಂಡಕ್ಟರ್ ಅದನ್ನು ನನ್ನತ್ತ ಸರಿಸಿದ. "ಇದು ನಿಮ್ಮದು ಅಣ್ಣಾ. ಏಳು ಇರೋದು ಎಲ್ಲಾದ್ರೂ ಸಿಕ್ಕೇ ಸಿಗುತ್ತೆ. ಸಿಕ್ಕಾಗ ನೀವು ಕಣ್ಣಲ್ಲಿ ನೋಡಿ, ನಾನು ಬೆರಳಲ್ಲಿ ನೋಡ್ತೀನಿ."

ಹೆಡ್‌ಮೇಷ್ಟ್ರು ಅಲ್ಲೇ ನಿರ್ಣಯ ಬರೆದರು. ಇನ್ನು ಮೇಲೆ ಪ್ರತಿ ಚೌಕದ ಮೇಲೂ ಎರಡು ಸಹಿ.

ವಂದನಾರ್ಪಣೆ: ಪಟ್ಟಿ ಉದ್ದವಿದೆ. ಈ ಪುಟದಲ್ಲಿ ಜಾಗವಿಲ್ಲ.

ಜೂನ್ ೧೫, ಭಾನುವಾರ

ನೂರ ನಲವತ್ತಮೂರೂ ಮುಗಿದವು. ಒಂಬತ್ತು ಸಿಕ್ಕಿದ್ದ ಹನ್ನೊಂದರಲ್ಲಿ ನಿಜವಾದ ಒಂಬತ್ತು ಒಂದೂ ಇಲ್ಲ. ಸಾಲು ಮತ್ತೆ ನಾಲ್ಕೈದು ಜನಕ್ಕೆ ಇಳಿದಿದೆ, ಹಲ್ಲಿನ ಡಾಕ್ಟರ ಮುಖಗಳು ಮರಳಿವೆ. ದಿಂಬು ತಂದವರು ಆರಕ್ಕೆ ಇಳಿದರೂ ದಿಂಬು ವಾಪಸ್ ಕೇಳಲಿಲ್ಲ. ಅವರ ಬಗ್ಗೆ ನನ್ನ ಅಂದಾಜು ಸರಿಯಿತ್ತು.

ಕೊನೆಗೆ ಉಳಿದದ್ದು ನಾಲ್ಕು ಹಗ್ಗದ ಹಡಗು. ಅದಕ್ಕೆ ಮನೆಯಲ್ಲಿ ಹೊಸ ರಟ್ಟು ಕತ್ತರಿಸಿದೆ. ಸಿಬರು ಹೊಕ್ಕಲಿಲ್ಲ. ನಮ್ಮವಳನ್ನು ಕಿಟಕಿಯ ಬಳಿ ಕೂರಿಸಿ ಭೂತಗನ್ನಡಿ ಕೊಟ್ಟೆ.

"ಎಷ್ಟು ಹಗ್ಗ?"

"ನಾಲ್ಕು. ಐದನೇದು ಗೀರು. ಅವತ್ತೇ ಹೇಳಿದ್ದೆ."

"ಅವತ್ತೇ ಹೇಳಿದ್ದೆ" ಎಂದು ನಾನೂ ಒಪ್ಪಿಕೊಂಡೆ.

ಹಸಿರು ಶಾಯಿಯಲ್ಲಿ ಬರೆದೆ. ಹಗ್ಗ ನಾಲ್ಕು, ಅಂಕ ಐದು. ಪರೀಕ್ಷಿಸಿದ ದಿನ ಎಂಬಲ್ಲಿ ಏಪ್ರಿಲ್ ೯ ಎಂದು ಬರೆದು, ಎರಡನೆಯ ಸಹಿಯ ಜಾಗದಲ್ಲಿ ನನ್ನದು ಹಾಕಿ, ಮೊದಲನೆಯದಕ್ಕೆ ಪೆನ್ನನ್ನು ಅವಳ ಕೈಗೆ ಕೊಟ್ಟೆ.

"ನಾನ್ಯಾಕೆ?"

"ಪರೀಕ್ಷೆ ಮಾಡಿದವರೇ ಸಹಿ ಹಾಕ್ಬೇಕು. ಸಂಘದ ನಿಯಮ."

ಅವಳು ತಾರೀಖನ್ನು ಇನ್ನೊಮ್ಮೆ ಓದಿದಳು. ನಾಲಿಗೆ ಕಚ್ಚಿಕೊಂಡು, ಗುಂಡಿಗೆ ಕಾಜ ಹೊಲಿಯುವಷ್ಟು ನಿಧಾನವಾಗಿ ಸಹಿ ಹಾಕಿದಳು. ಕೊನೆಯ ಅಕ್ಷರದ ಬಾಲ ರಟ್ಟು ದಾಟಿ ಚೌಕದ ಪಾರದರ್ಶಕ ಕಿಟಕಿಯ ಮೇಲೆ ಹೋಗಿ ಹಡಗಿನ ಕೂವೆಮರಕ್ಕೆ ತಾಗಿತು.

"ಅಯ್ಯೋ, ಕೆಟ್ಟೋಯ್ತಾ?"

ಭೂತಗನ್ನಡಿ ಹಾಕಿಕೊಂಡು ನೋಡಿದೆ. ಕೂವೆಮರದಿಂದ ಕೆಳಕ್ಕೆ ಹಸಿರು ಬಣ್ಣದ ಐದನೆಯ ಹಗ್ಗವೊಂದು ಬಿಗಿಯಾಗಿ ನಿಂತಿತ್ತು. ಅಂಕ ಕಡಿಮೆ ಮಾಡಲಿಲ್ಲ.